ಉಪ್ಪುನೀರಿನ ಅಕ್ಕ, ಸಕ್ಕರೆನೀರಿನ ತಂಗಿ

ಜೀವರಸಾಯನ ವಿಜ್ಞಾನಿ ಕುಮುದಿನಿ ಒಂದೇ ಆಡಿನ ಎರಡು ಕಣ್ಣುಗಳ ಮಸೂರಗಳನ್ನು ಎರಡು ಸೀಸೆಗಳಲ್ಲಿ ಇಟ್ಟಿದ್ದರು. ಒಂದು ಮಸೂರ ಅಕ್ಕ, ಇನ್ನೊಂದು ತಂಗಿ. ಅಕ್ಕನಿಗೆ ಬರೀ ಉಪ್ಪುನೀರು. ತಂಗಿಯ ನೀರಿಗೆ ಸಕ್ಕರೆಯೂ ಸೇರಿತ್ತು.

“ನನ್ನ ಮೈಗೆ ಯಾಕೆ ಅಂಟುತ್ತೀಯ?” ಎಂದು ತಂಗಿ ಸಕ್ಕರೆಯನ್ನು ಕೇಳಿತು.

“ನಾನು ಕಚ್ಚುವುದಿಲ್ಲ, ಸುಡುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂರುತ್ತೇನೆ.”

“ಏಳುವುದು ಯಾವಾಗ?”

“ಕೂತ ಮೇಲೆ ಏಳುವ ಅಭ್ಯಾಸ ನನಗಿಲ್ಲ,” ಎಂದಿತು ಸಕ್ಕರೆ.

ವಾರಗಳು ಕಳೆದವು. ತಂಗಿಯೊಳಗಿನ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡವು. ಮೈ ಹಳದಿಯಾಯಿತು, ಆಮೇಲೆ ಮಂಜಾಯಿತು.

“ಅಕ್ಕಾ, ಎಲ್ಲಿದ್ದೀಯ? ಬೆಳಕೇ ಒಳಗೆ ಬರುತ್ತಿಲ್ಲ!”

“ಇಲ್ಲೇ ಪಕ್ಕದಲ್ಲಿದ್ದೇನೆ!” ಎಂದು ಅಕ್ಕ ತನ್ನ ಸೀಸೆಯಿಂದಲೇ ಕೂಗಿತು.

ಅಷ್ಟರಲ್ಲಿ ಕುಮುದಿನಿ ಸಕ್ಕರೆ ಜಾಸ್ತಿ ಹಾಕಿದ ಚಹಾ ಹಿಡಿದು ಬಂದರು. ಬಾಗಿಲಲ್ಲಿ ಎದುರಾದ ಸಹೋದ್ಯೋಗಿ ರೋಹಿಣಿ, “ಮೇಡಂ, ನಿಮ್ಮ ಶುಗರ್ ಟೆಸ್ಟ್ ಮಾಡಿಸಿದ್ರಾ?” ಎಂದಳು.

“ಈ ಪ್ರಯೋಗ ಒಂದು ಮುಗೀಲಿ ಕಣೇ.”

ರೋಹಿಣಿ ಹೊರಟುಹೋದಳು. ಕುಮುದಿನಿ ತಂಗಿಯ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಅಂದುಕೊಂಡ ಹಾಗೇ ಮಂಜಾಗಿದೆ,” ಎಂದು ಹಿಗ್ಗಿದರು. ಆಮೇಲೆ ಅಕ್ಕನನ್ನು ಎತ್ತಿ ಹಿಡಿದರು. ಕನ್ನಡಕ ಒರೆಸಿಕೊಂಡರು, ಮತ್ತೆ ನೋಡಿದರು.

“ಅಯ್ಯೋ, ಇದೂ ಮಂಜಾಗಿದೆಯಲ್ಲ! ಇದಕ್ಕೆ ಯಾರು ಸಕ್ಕರೆ ಹಾಕಿದರು?”

“ನಾನು ತಿಳಿಯಾಗೇ ಇದ್ದೇನೆ ತಾಯಿ! ನನ್ನಂಥವೇ ಎರಡು ನಿಮ್ಮ ಕಣ್ಣಲ್ಲಿವೆ, ಮೊದಲು ಅವನ್ನು ವೈದ್ಯರಿಗೆ ತೋರಿಸಿಕೊಳ್ಳಿ!” ಎಂದು ಅಕ್ಕ ಚೀರಿತು.

ಮುಚ್ಚಳ ಬಿಗಿಯಾಗಿತ್ತು, ಕೂಗು ಕುಮುದಿನಿಗೆ ಕೇಳಿಸಲಿಲ್ಲ. ಪ್ರಯೋಗ ಕೆಟ್ಟಿತೆಂದು ಗೊಣಗುತ್ತಾ ಕುಮುದಿನಿ ಅಕ್ಕನನ್ನು ಸಿಂಕಿಗೆ ಸುರಿದರು. ಬೇಜಾರು ಕಳೆಯಲು ಉಳಿದ ಚಹಾವನ್ನೂ ಕುಡಿದರು.