ಉಪ್ಪು ತಿದ್ದಿದರೆ ಬಾಗಿಲು ಮುಚ್ಚುವ ಕೋಟೆ

“ಕೇಳ್ರಪ್ಪೋ ಕೇಳಿ! ಅರಮನೆಯ ಯಂತ್ರದೊಳಗೆ ಸೇರಿಕೊಂಡಿರುವ ಬ್ರಹ್ಮರಾಕ್ಷಸನ ಮೂರು ಒಗಟು ಬಿಡಿಸಿದವರಿಗೆ ಮುಖ್ಯ ತಂತ್ರಜ್ಞರ ಪದವಿ, ಜೊತೆಗೆ ಕೇಳಿದ್ದೊಂದು ವರ! ತಪ್ಪು ಹೇಳಿದವರನ್ನು ಅವನು ನುಂಗುತ್ತಾನೆ. ಅದಕ್ಕೆ ದೊರೆಗಳು ಜವಾಬ್ದಾರರಲ್ಲ.”

ಕಡೆಯ ಮಾತನ್ನು ಡಂಗುರದವನು ಸ್ವಲ್ಪ ಮೆಲ್ಲಗೇ ಹೇಳಿದ.

ಕೆಮ್ಮಣ್ಣುಕೋಟೆಯಲ್ಲಿ ಎಲ್ಲವೂ ಪ್ರೋಗ್ರಾಮಿನಿಂದಲೇ ನಡೆಯುತ್ತಿತ್ತು: ಕೋಟೆಬಾಗಿಲು, ಕೆರೆಯ ತೂಬು, ಅರಮನೆಯ ಅಡುಗೆ ಕೂಡ. ಅದನ್ನೆಲ್ಲ ಬರೆದವರು ಅನಂತಯ್ಯ ಪಂಡಿತರು. ಒಬ್ಬರೇ ಬರೆದರು, ಯಾರಿಗೂ ಹೇಳಿಕೊಡಲಿಲ್ಲ. ಕಲಿತದ್ದನ್ನು ಹೇಳಿಕೊಡದೆ ಸತ್ತವರು ಬ್ರಹ್ಮರಾಕ್ಷಸರಾಗುತ್ತಾರೆಂದು ಎಲ್ಲರಿಗೂ ಗೊತ್ತು. ಬೇರೆಯವರಾದರೆ ಅರಳಿಮರ ಹುಡುಕಿಕೊಂಡು ಹೋಗುತ್ತಾರೆ; ಪಂಡಿತರು ತಮ್ಮ ಪ್ರೋಗ್ರಾಮಿನೊಳಗೇ ಹೋಗಿ ಕೂತರು.

ಒಂದು ದಿನ ಸಾರು ಉಪ್ಪಾಯಿತೆಂದು ಅಡುಗೆಯವನು ಉಪ್ಪಿನ ಅಳತೆ ತಿದ್ದಿದ. ಕೋಟೆಬಾಗಿಲು ಧಡಾರನೆ ಮುಚ್ಚಿಕೊಂಡಿತು. ಮತ್ತೆ ತೆರೆಯಲಿಲ್ಲ. ಮೂರು ಒಗಟು ಬಿಡಿಸಿದವರಿಗಷ್ಟೇ ಯಂತ್ರ ಮುಟ್ಟಲು ಬಿಡುತ್ತೇನೆಂದು ರಾಕ್ಷಸ ಹಟ ಹಿಡಿದ.

ಕುರಿ ಮೇಯಿಸಲು ಹೋಗಿದ್ದ ಬೋರಯ್ಯ ಹೊರಗೇ ಉಳಿದ. ಅವನ ಮಗಳು ಹೂವಿ ಅರಮನೆಯ ಪಾಠಶಾಲೆಯಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಆಗತಾನೇ ಕಲಿಯುತ್ತಿದ್ದಳು. ಮಾತುಮಾತಿಗೂ ‘ಯಾಕೆ’ ಎನ್ನುತ್ತಾಳೆಂದು ಮೇಷ್ಟ್ರು ಅವಳನ್ನು ಬಾಗಿಲ ಪಕ್ಕವೇ ಕೂರಿಸಿದ್ದರು. ಹೊರಗೆ ಕಳಿಸಲು ಅನುಕೂಲ, ಅಂತ. ಹೂವಿ ದಿನವೂ ಕೋಟೆಗೋಡೆಯ ಮೇಲಿಂದ ಹಗ್ಗ ಬಿಟ್ಟು ಅಪ್ಪನಿಗೆ ರೊಟ್ಟಿ ಇಳಿಸುತ್ತಿದ್ದಳು.

“ಚಟ್ನಿಗೆ ಇವತ್ತೂ ಉಪ್ಪಿಲ್ಲವಲ್ಲವ್ವಾ!” ಎಂದು ಬೋರಯ್ಯ ಕೆಳಗಿನಿಂದ ಕೂಗಿದ.

“ಉಪ್ಪು ಮುಟ್ಟೋಕೆ ಊರೇ ಹೆದರ್ತಾ ಇದೆ ಕಣಪ್ಪ.”

“ಹೋಗ್ಲಿ ಬಿಡು. ಗುಡ್ಡದ ಚಿರತೆ ದಿನದಿನಕ್ಕೂ ಹತ್ತಿರ ಬರ್ತಾ ಇದೆ. ಕುರಿ ಮುಗಿದ ಮೇಲೆ ನನ್ನ ಸರದಿ.”

ನಗುತ್ತಲೇ ಹೇಳಿದ. ಹೂವಿ ನಗಲಿಲ್ಲ. ಹಗ್ಗ ಸುತ್ತಿಟ್ಟು ನೇರ ಅರಮನೆಗೆ ಹೋಗಿ ಸಾಲಿನಲ್ಲಿ ನಿಂತಳು.

ಸಾಲಿನ ಮೊದಲಿಗ ಮಂತ್ರಿಯ ಅಳಿಯ. ಪ್ರೋಗ್ರಾಮ್ ಹೆಣೆಯುವ ಮಾದರಿಗಳ, ಅಂದರೆ ಪ್ಯಾಟರ್ನುಗಳ, ಹೆಸರೆಲ್ಲ ಅವನಿಗೆ ಬಾಯಿಪಾಠ. ಯಂತ್ರದ ಪರದೆಯ ತುಂಬ ಜಡೆ, ಕೋರೆಹಲ್ಲು ಮೂಡಿ ಬ್ರಹ್ಮರಾಕ್ಷಸ ಕೇಳಿದ:

“ತನ್ನ ಮಾತು ಕೇಳುವವರ ಹೆಸರು ಅವನಿಗೆ ಗೊತ್ತಿಲ್ಲ, ಮನೆಯೂ ಗೊತ್ತಿಲ್ಲ. ಒಮ್ಮೆ ಕೂಗಿದರೆ ಒಬ್ಬಳು ಒಲೆ ಹಚ್ಚುತ್ತಾಳೆ, ಒಬ್ಬ ಎತ್ತು ಬಿಚ್ಚುತ್ತಾನೆ, ಇನ್ನೊಬ್ಬ ಮಗ್ಗುಲು ಬದಲಿಸಿ ಮಲಗುತ್ತಾನೆ. ಯಾರವನು?”

“ಸೇನಾಪತಿ!”

“ಸೇನಾಪತಿ ಕೂಗಿದಾಗ ಮಗ್ಗುಲು ಬದಲಿಸಿ ನೋಡಯ್ಯ,” ಎಂದು ರಾಕ್ಷಸ ಅವನನ್ನು ಗುಳುಂ ಮಾಡಿದ.

ಎರಡನೆಯವನು ಪಕ್ಕದ ರಾಜ್ಯದಿಂದ ಬಂದು ಕೋಟೆಯೊಳಗೇ ಸಿಕ್ಕಿಬಿದ್ದಿದ್ದ ಸಲಹೆಗಾರ. ಅವನಿಗೆ ಎರಡನೆಯ ಒಗಟು.

“ಅಗಲ ಬಾಯಿಯವಳೊಬ್ಬಳು, ಕಿರಿಬಾಯಿಯವನೊಬ್ಬ. ಇಬ್ಬರೂ ತಮ್ಮ ರೂಪ ಬದಲಿಸಲೊಲ್ಲರು. ನಡುವೆ ನಿಂತವನು ಇತ್ತ ಅಗಲ, ಅತ್ತ ಕಿರಿದು. ಇವಳದ್ದನ್ನು ಅವನಿಗೆ ದಾಟಿಸುತ್ತಾನೆ, ತನಗೇನೂ ಇಟ್ಟುಕೊಳ್ಳುವುದಿಲ್ಲ.”

“ಮದುವೆ ದಲ್ಲಾಳಿ!”

“ತನಗೇನೂ ಇಟ್ಟುಕೊಳ್ಳದ ದಲ್ಲಾಳಿಯನ್ನು ಯಾವ ಊರಲ್ಲಿ ಕಂಡೆ?” ಮತ್ತೆ ಗುಳುಂ.

ಸಾಲಿನಲ್ಲಿ ಉಳಿದಿದ್ದವರಿಗೆ ಒಬ್ಬೊಬ್ಬರಿಗೇ ಮನೆಯ ಕೆಲಸ ನೆನಪಾಯಿತು. ಕಡೆಗೆ ನಿಂತಿದ್ದವಳು ಹೂವಿ.

“ಎರಡನ್ನೂ ಕೇಳಿಸಿಕೊಂಡಿದ್ದೀಯ. ಹೇಳು.”

“ಮೊದಲನೇದು ಹುಂಜ, ಅಜ್ಜ. ಅದು ಕೂಗ್ತದೆ, ಅಷ್ಟೆ. ಕೇಳಿದೋರು ಅವರವರಿಗೆ ಬೇಕಾದ್ದು ಮಾಡ್ಕೋತಾರೆ. ನಾಳೆ ಹೊಸ ಮನೆ ಬಂದ್ರೂ ಹುಂಜ ಏನೂ ಹೊಸದಾಗಿ ಕಲೀಬೇಕಿಲ್ಲ. ನಮ್ಮ ಮೇಷ್ಟ್ರು ಇದಕ್ಕೆ ಅಬ್ಸರ್ವರ್ ಅಂತಾರೆ. ಎರಡನೇದು ಎಣ್ಣೆ ಸುರಿಯೋ ಆಲಿಕೆ. ಕೊಡಾನೂ ಒಡೀಬೇಕಿಲ್ಲ, ಸೀಸೇನೂ ಒಡೀಬೇಕಿಲ್ಲ. ಅದು ಅಡಾಪ್ಟರ್.”

ಕೋರೆಹಲ್ಲು ಒಂದಿಷ್ಟು ಒಳಕ್ಕೆ ಸರಿಯಿತು.

“ಮೂರನೆಯದು. ಉಪ್ಪು ತಿದ್ದಿದರೆ ಕೋಟೆಬಾಗಿಲು ಯಾಕೆ ಮುಚ್ಚುತ್ತದೆ?”

ಹೂವಿ ಯೋಚಿಸಿದಳು. ಏನೋ ಒಂದು ಹೇಳಿ ಅದೃಷ್ಟ ನೋಡಬಹುದಿತ್ತು. ಅವಳಿಗೆ ಅಪ್ಪನ ಚಿರತೆ ನೆನಪಾಯಿತು. ಏನೋ ಒಂದು ಹೇಳಿದರೆ ಬಾಗಿಲು ತೆರೆಯುವುದಿಲ್ಲ.

“ಗೊತ್ತಿಲ್ಲ ಅಜ್ಜ. ಯಾಕೆ?”

“ಗೊತ್ತಿಲ್ಲ ಅಂದರೆ ನುಂಗಬೇಕಾಗುತ್ತೆ.”

“ನುಂಗಿ. ಆದ್ರೆ ಹೇಳಿಕೊಟ್ಟು ನುಂಗಿ.”

ಪರದೆ ಮಂಕಾಯಿತು. ರಾಕ್ಷಸ ಹೇಳಿದ: “ನನ್ನನ್ನ ಯಾರೂ ಹೀಗೆ ಕೇಳಿರಲಿಲ್ಲ. ಮಾಡಿಕೊಡಿ ಪಂಡಿತರೇ ಅಂತಿದ್ದರು, ಹೇಳಿಕೊಡಿ ಅಂತ ಒಬ್ಬರೂ ಅನ್ನಲಿಲ್ಲ. ನಾನಾಗಿಯೇ ಕರೆದು ಹೇಳಲೂ ಇಲ್ಲ ಅನ್ನು. ಕೂತುಕೋ ಮಗು.”

ಹೂವಿ ಪರದೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

“ಆಗ ಉಪ್ಪಿಗೆ ಕಳ್ಳರ ಕಾಟ. ಉಪ್ಪಿನ ಅಳತೆ ಬದಲಾದರೆ ಕದ್ದಿದ್ದಾರೆ ಅಂತ ಅರ್ಥ, ಕೂಡಲೇ ಬಾಗಿಲು ಮುಚ್ಚಲಿ ಅಂದರು ಹಿಂದಿನ ದೊರೆ. ಸಂಜೆಯಾಗಿತ್ತು, ಮನೆಗೆ ಹೋಗೋ ಆತುರ. ಉಪ್ಪಿನ ಅಳತೆಯನ್ನ ನೇರವಾಗಿ ಬಾಗಿಲ ಅಗುಳಿಗೇ ಕಟ್ಟಿಬಿಟ್ಟೆ. ತೆಗೆಯೋದನ್ನ ಬರೀಲೇ ಇಲ್ಲ. ನಾನಿದ್ದೆನಲ್ಲ, ನಾನೇ ತೆಗೀತಿದ್ದೆ.”

“ಅಯ್ಯೋ, ಅಂದ್ರೆ ಉಪ್ಪು ಬಾಗಿಲನ್ನ ಹೆಸರು ಹಿಡಿದು ಕರೀತಾ ಇದೆ! ಅಲ್ಲೊಂದು ಹುಂಜ ಕೂರಿಸೋಣ ಅಜ್ಜ. ಉಪ್ಪು ಬದಲಾಯ್ತು ಅಂತ ಅದು ಕೂಗ್ಲಿ. ಉಗ್ರಾಣದೋನು ಕೇಳಿಸ್ಕೊಳ್ಳಲಿ. ಬಾಗಿಲಿಗೆ ಈಗ ಅದರ ಗೊಡವೆ ಯಾಕೆ? ತೆಗೆಯೋದನ್ನ ಕಾವಲುಗಾರರಿಗೆ ಕೊಡೋಣ.”

“ಅಗುಳಿ ಹಳೇ ಕಾಲದ್ದು. ಕಾವಲುಗಾರರ ಈಗಿನ ಮಾತು ಅದಕ್ಕೆ ತಿಳಿಯಲ್ಲ.”

“ನಡುವೆ ಆಲಿಕೆ ಇಡೋಣ!”

“ಇಡು ಮತ್ತೆ. ಅಲ್ಲಲ್ಲ, ಆ ಸಾಲು ಅಳಿಸಬೇಡ, ಮೊದಲು ಓದು…”

ಅವನು ಹೇಳಿಕೊಡುತ್ತ ಹೋದ, ಅವಳು ‘ಯಾಕೆ’ ಎನ್ನುತ್ತ ಹೋದಳು. ಒಂದೊಂದು ಉತ್ತರಕ್ಕೂ ಜಡೆ ಕಳಚಿತು, ಹಲ್ಲು ಕರಗಿತು. ಮಂತ್ರಿಯ ಅಳಿಯನೂ ಸಲಹೆಗಾರನೂ ಹೊರಗೆ ಉರುಳಿಬಿದ್ದರು, ದಲ್ಲಾಳಿ ಯಾಕೆ ತಪ್ಪು ಎಂದು ಇನ್ನೂ ಜಗಳವಾಡುತ್ತಲೇ. ಕಡೆಗೆ ಪರದೆಯಲ್ಲಿ ಉಳಿದದ್ದು ಕನ್ನಡಕ ಹಾಕಿಕೊಂಡ ಒಬ್ಬ ಮುದುಕ. ದೂರದಲ್ಲಿ ಬಾಗಿಲು ಕಿರ್ರೆಂದಿತು. ಮುದುಕ ಕನ್ನಡಕ ತೆಗೆದು, ಹೂವಿಗೆ ಕೈಯೆತ್ತಿ ಹರಸಿ, ಹೊರಟುಹೋದ.

ಬೋರಯ್ಯ ಕುರಿಗಳನ್ನು ಹೊಡೆದುಕೊಂಡು ನೇರ ಅರಮನೆಯ ಅಂಗಳಕ್ಕೇ ಬಂದ. ಅಡುಗೆಯವನು ಹೆದರಿ ಹೆದರಿ ಚಿಟಿಕೆ ಉಪ್ಪು ಹೆಚ್ಚಿಸಿದ. ಬಾಗಿಲು ಅಲುಗಲಿಲ್ಲ. ಆ ದಿನದ ಸಾರನ್ನು ಊರೆಲ್ಲ ಎರಡೆರಡು ಸಲ ಬಡಿಸಿಕೊಂಡಿತು.

ದೊರೆ ಹೂವಿಗೆ ಪದವಿ ಕೊಟ್ಟು, “ವರ ಕೇಳಮ್ಮ,” ಎಂದರು.

“ಪಾಠಶಾಲೆಯಲ್ಲಿ ‘ಯಾಕೆ’ ಅಂದೋರನ್ನ ಹೊರಗೆ ಕಳಿಸಬಾರದು, ಮಹಾಸ್ವಾಮಿ.”

ಹಾಗೇ ಆಯಿತು. ಹೂವಿ ಅಂದಿನಿಂದ ಏನು ಬರೆದರೂ ಅಂದೇ ಯಾರನ್ನಾದರೂ ಕರೆದು ಕೂರಿಸಿ ಹೇಳಿಕೊಡುತ್ತಿದ್ದಳು. ಯಾರೂ ಸಿಗದಿದ್ದರೆ ಅಪ್ಪನಿಗೆ.

“ನನಗ್ಯಾಕೆ ಇದೆಲ್ಲ?” ಎಂದು ಬೋರಯ್ಯ ಆಕಳಿಸುತ್ತಿದ್ದ.

“ಸುಮ್ನೆ ಕೇಳಪ್ಪ. ಹೇಳಿಕೊಡದೆ ಹೋದ್ರೆ ನನಗೂ ಕೋರೆಹಲ್ಲು ಬರ್ತದೆ, ಈ ಮುಖಕ್ಕೆ ಅದು ಒಪ್ಪಲ್ಲ.”