ಮೂರು ಕೆರೆಗೆ ಒಂದು ಕಟ್ಟಳೆ

ಒಂದೇ ಹಳ್ಳಕ್ಕೆ ಮೂರು ಕೆರೆ ಕಟ್ಟಿದ್ದರು, ಮಕ್ಕಳೇ. ಮೇಲಿನ ಕೆರೆ ತುಂಬಿದರೆ ನೀರು ನಡುವಿನ ಕೆರೆಗೆ. ಅದು ತುಂಬಿದರೆ ಕೆಳಗಿನ ಕೆರೆಗೆ. ಒಂದೊಂದು ಕೆರೆಗೂ ಒಬ್ಬ ನೀರಗಂಟಿ. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು, ಏರಿ ಕಾಯುವುದು ಅವರ ಕೆಲಸ. ಮೇಲಿನ ಕೆರೆಗೆ ಮುದುಕ ಗಂಗುಲಪ್ಪ. ನಡುವಿನದಕ್ಕೆ ಪಿಳ್ಳಪ್ಪ. ಕೆಳಗಿನದಕ್ಕೆ ಅಕ್ಕಯ್ಯಮ್ಮ. ಗಂಡ ತೀರಿಕೊಂಡ ಮೇಲೆ ಅವನ ಸನಿಕೆಯನ್ನು ಅವಳೇ ಹೆಗಲಿಗೇರಿಸಿದ್ದಳು.

ಪಿಳ್ಳಪ್ಪನಿಗೆ ತಾತನಿಂದ ಬಂದ ಒಂದು ಗುಟ್ಟಿತ್ತು. ತೂಬಿನ ಕಲ್ಲುಕಂಬದ ಮೇಲೆ ತಾತ ಮೂರು ಗೀಟು ಕೊರೆದಿದ್ದ. ನೋಡಿದವರಿಗೆ ಅದು ಬರೀ ಗೀಚು. ನೀರು ಮೂರನೇ ಗೀಟು ಮುಟ್ಟಿತೋ, ಇನ್ನೊಂದು ಜಾವದಲ್ಲಿ, ಅಂದರೆ ಮೂರು ಗಂಟೆ ಕಳೆಯುವಷ್ಟರಲ್ಲಿ, ಏರಿಗೆ ಅಪಾಯ. ಅದು ಪಿಳ್ಳಪ್ಪ ಒಬ್ಬನಿಗೇ ಗೊತ್ತು. "ಯಾರಿಗೂ ಹೇಳಬೇಡ ಕಣೋ. ಊರಿಗೆಲ್ಲ ಗೊತ್ತಾದ ದಿನ ನಿನ್ನ ಸನಿಕೆ ಯಾರು ಬೇಕಾದರೂ ಹಿಡೀತಾರೆ" ಅಂತ ಹೇಳಿಯೇ ತಾತ ಕಣ್ಣು ಮುಚ್ಚಿದ್ದ.

ಕೆರೆಯ ಹೆಚ್ಚಿನ ನೀರು ಹರಿದು ಹೋಗುವ ಜಾಗಕ್ಕೆ ಕೋಡಿ ಅನ್ನುತ್ತಾರಲ್ಲ, ಮಳೆಗಾಲದ ಕೊನೆಗೆ ಮೂವರೂ ಅದರ ಮೇಲೆ ಮಣ್ಣಿನ ಹೆಂಟೆ ಪೇರಿಸಿ ಒಂದು ಮೊಳ ಎತ್ತರಿಸುತ್ತಿದ್ದರು. ಒಂದು ಮೊಳ ನೀರು ಜಾಸ್ತಿ ನಿಂತರೆ ಇನ್ನೂ ನಾಲ್ಕು ಗದ್ದೆಗೆ ಭತ್ತ. ಒಂದು ಕೆರೆಗೆ ಒಂದು ಮೊಳ ಏನು ಮಹಾ?

ಒಂದು ವರ್ಷ ಅಕ್ಕಯ್ಯಮ್ಮ ಪಿಳ್ಳಪ್ಪನ ಏರಿ ಹತ್ತಿ ಬಂದಳು.

"ಪಿಳ್ಳಣ್ಣ, ಒಂದು ಸಲ ಮೂವರೂ ಕೂತು ಮಾತಾಡೋಣ. ನೀವಿಬ್ಬರೂ ಎಷ್ಟು ಕಟ್ಟಿದ್ದೀರೋ, ಯಾವಾಗ ಒಡೀತೀರೋ ನನಗೆ ಗೊತ್ತಾಗಲ್ಲ. ಕೆಳಗೆ ಕೂತವಳು ನಾನು."

"ನಿನ್ನ ಕೆರೆ ನೀನು ನೋಡ್ಕೋ ತಾಯಿ, ನನ್ನ ಕೆರೆ ನಾನು ನೋಡ್ಕೋತೀನಿ. ಮೂರು ಮಡಕೆಗೆ ಒಂದೇ ಸೌಟು ಹಾಕಕ್ಕಾಗುತ್ತಾ?" ಪಿಳ್ಳಪ್ಪ ನಕ್ಕ.

"ಮಡಕೆ ಮೂರಾದರೂ ಒಂದರ ಮೇಲೊಂದು ಪೇರಿಸಿದೆಯಲ್ಲಣ್ಣ."

ಅಲ್ಲೇ ಕೂತಿದ್ದ ಗಂಗುಲಪ್ಪ ಎಲೆಯಡಿಕೆ ಉಗಿದು, "ಹೆಂಗಸಿನ ಕೈಗೆ ಸನಿಕೆ ಕೊಟ್ಟರೆ ಹೀಗೇ. ಕೆಲಸಕ್ಕಿಂತ ಮಾತು ಜಾಸ್ತಿ" ಅಂದ. ಅಕ್ಕಯ್ಯಮ್ಮ ಇಳಿದು ಹೋದಳು.

ಆ ವರ್ಷವೇ ಸ್ವಾತಿ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಗಂಗುಲಪ್ಪ ಹೆದರಿ ತನ್ನ ಕೋಡಿಯ ಮಣ್ಣನ್ನು ಒಂದೇ ಏಟಿಗೆ ಒಡೆದ. ಆ ನೀರೆಲ್ಲ ನಡುವಿನ ಕೆರೆಗೆ ನುಗ್ಗಿತು. ಪಿಳ್ಳಪ್ಪ ಕಲ್ಲುಕಂಬ ನೋಡಿದ. ನೀರು ಮೂರನೇ ಗೀಟು ಮುಟ್ಟಿತ್ತು.

ಕೆಳಗಿನವರಿಗೆ ತಮಟೆ ಬಡಿಸಿ ಹೇಳಿಬಿಡಲೇ ಅನ್ನಿಸಿತು. ಆದರೆ ಇಷ್ಟು ಮೊದಲೇ ನಿನಗೆ ಹೇಗೆ ಗೊತ್ತಾಯಿತು ಅಂತ ಕೇಳಿದರೆ? ನೀರು ಇಳಿದೇ ಹೋದರೆ, ನಗೆಪಾಟಲು ಬೇರೆ. ಪಿಳ್ಳಪ್ಪ ಸುಮ್ಮನೆ ನಿಂತ. ನೀರು ಏರಿಯ ತುಟಿಗೆ ಬಂದಾಗ ತನ್ನ ಕೋಡಿಯನ್ನೂ ಒಡೆದ. ಅವನ ಏರಿ ಉಳಿಯಿತು.

ಎರಡು ಕೆರೆಯ ನೀರು ಒಟ್ಟಿಗೆ ಬಂದು ಬಿದ್ದಾಗ ಕೆಳಗಿನ ಏರಿ ನಿಲ್ಲಲಿಲ್ಲ. ಅದರ ಕೆಳಗಿದ್ದ ಮನೆಗಳೂ ನಿಲ್ಲಲಿಲ್ಲ. ಹನ್ನೊಂದು ಜನ ಹೋದರು. ಅದರಲ್ಲಿ ಅಕ್ಕಯ್ಯಮ್ಮನ ಸೊಸೆ ಒಬ್ಬಳು, ಅವಳ ತೊಟ್ಟಿಲ ಕೂಸು ಒಂದು. ಸೊಸೆ ಜಾಲಿಮೆಳೆಯಲ್ಲಿ ಸಿಕ್ಕಳು. ಕೂಸು ಸಿಗಲೇ ಇಲ್ಲ.

ಹಿರಿಯರು ನ್ಯಾಯ ಸೇರಿಸಿದರು. ಗಂಗುಲಪ್ಪ ತನ್ನ ಏರಿ ಉಳಿಸಿದ್ದ. ಪಿಳ್ಳಪ್ಪನೂ ಉಳಿಸಿದ್ದ. ತಪ್ಪು ಯಾರದು ಅಂತ ಯಾರಿಗೂ ಹೇಳಲಾಗಲಿಲ್ಲ. "ದೈವದ ಕೋಪ" ಅಂತ ಟವಲು ಕೊಡವಿ ಎದ್ದು ಹೋದರು.

ತಿಥಿ ಮುಗಿದ ಮಾರನೆಯ ದಿನ ಅಕ್ಕಯ್ಯಮ್ಮ ಇಬ್ಬರನ್ನೂ ಒಡೆದ ಏರಿಯ ಮೇಲೆ ಕರೆದಳು.

"ಕೂತ್ಕೊಳ್ಳಿ. ಮುಂದಿನ ವರ್ಷವೂ ಮಳೆ ಬರುತ್ತೆ. ಯಾರ ತಪ್ಪು ಅಂತ ನಾನು ಕೇಳಲ್ಲ. ಯಾರಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಿತ್ತು, ಅಷ್ಟು ಹೇಳಿ. ಮೊದಲು ನಾನೇ ಹೇಳ್ತೀನಿ. ಏರಿಯ ಬುಡದಲ್ಲಿ ಎಂಟು ದಿನದಿಂದ ನೀರು ಜಿನುಗುತ್ತಿತ್ತು. ಹೇಳಿದರೆ ಹೆಂಗಸಿಗೆ ಕೆರೆ ಬೇಡ ಅಂತೀರಲ್ಲ, ಅದಕ್ಕೆ ಸುಮ್ಮನಿದ್ದೆ. ನನ್ನ ಕೋಡಿಗೂ ಒಂದು ಮೊಳ ಕಟ್ಟಿದ್ದೆ."

ಗಂಗುಲಪ್ಪ ತಲೆ ತಗ್ಗಿಸಿದ. "ನಿಧಾನಕ್ಕೆ ಬಿಡಬಹುದಿತ್ತು ಕಣವ್ವ. ಹೆದರಿ ಒಂದೇ ಏಟಿಗೆ ಒಡೆದುಬಿಟ್ಟೆ."

ಉಳಿದವನು ಪಿಳ್ಳಪ್ಪ. ನೀರು ಏರಿಗೆ ಬಂದಾಗಲೇ ಗೊತ್ತಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಗೀಟಿನ ವಿಷಯ ಬಲ್ಲವರು ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ.

"ತೂಬಿನ ಕಂಬದ ಮೇಲೆ ತಾತ ಕೊರೆದ ಗೀಟಿದೆ. ನೀರು ಅದನ್ನು ಮುಟ್ಟಿದಾಗಲೇ, ಒಂದು ಜಾವ ಮೊದಲೇ ಗೊತ್ತಿತ್ತು, ಅಕ್ಕಯ್ಯಮ್ಮ" ಅಂದ.

ಒಂದು ಜಾವ. ಕೂಸನ್ನು ಸೆರಗಿಗೆ ಕಟ್ಟಿಕೊಂಡು ದಿಣ್ಣೆ ಹತ್ತಲು ಅದರ ಕಾಲುಭಾಗವೂ ಬೇಡ. ಅಕ್ಕಯ್ಯಮ್ಮ ಏರಿಯ ಹಸಿಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕುತ್ತ ಕೂತಳು. ಮಣ್ಣು ಬೆರಳ ಸಂದಿಯಿಂದೆಲ್ಲ ಹೊರಗೆ ಬಂತು. ಗಂಗುಲಪ್ಪ ಎದ್ದು ಹೋಗಲು ನೋಡಿದ. ಅವಳು ಕೈಸನ್ನೆ ಮಾಡಿ ಕೂರಿಸಿದಳು.

"ಆ ಗೀಟು ನಮಗೂ ತೋರಿಸು. ಅದೇ ಮೊದಲನೇ ಕಟ್ಟಳೆ ಆಗಲಿ. ನೀರು ಅಲ್ಲಿಗೆ ಬಂದರೆ ತಮಟೆ ಬಡೀಬೇಕು. ಸುಳ್ಳಾದರೂ ಬಡಿದವನನ್ನು ಯಾರೂ ಬೈಯಬಾರದು."

ಸಂಜೆಯ ಹೊತ್ತಿಗೆ ಮಿಕ್ಕ ಕಟ್ಟಳೆಗಳೂ ತೀರ್ಮಾನವಾದವು. ಒಬ್ಬರಿಗೊಬ್ಬರು ಹೇಳದೆ ಕೋಡಿಗೆ ಮಣ್ಣು ಹಾಕುವಂತಿಲ್ಲ. ಒಡೆಯುವಾಗ ಮೊದಲು ಕೆಳಗಿನದು, ಆಮೇಲೆ ನಡುವಿನದು, ಕೊನೆಗೆ ಮೇಲಿನದು. ಬುಡದಲ್ಲಿ ತೇವ ಕಂಡರೆ ಅವತ್ತೇ ಹೇಳಬೇಕು.

"ಇದನ್ನು ಕಲ್ಲಿನ ಮೇಲೆ ಬರೆಸಿಬಿಡೋಣ, ಗಟ್ಟಿಯಾಗಿರುತ್ತೆ" ಅಂದ ಗಂಗುಲಪ್ಪ.

"ಬೇಡ ಮಾವ. ವರ್ಷಾ ವರ್ಷ ಕೆರೆಗೆ ಹೂಳು ತುಂಬುತ್ತೆ. ಕಲ್ಲಿಗೆ ಅದು ತಿಳಿಯಲ್ಲ. ಮಳೆಗೆ ಮುಂಚೆ ಪ್ರತಿ ವರ್ಷ ಕೂತು ತಿದ್ದಬೇಕು" ಅಂದಳು ಅಕ್ಕಯ್ಯಮ್ಮ.

ಮರುವರ್ಷ ತಮಟೆ ಎರಡು ಸಲ ಬಡಿದರು. ಮೊದಲ ಸಲ ಏನೂ ಆಗಲಿಲ್ಲ. ಜನ ಗೊಣಗಿಕೊಂಡು ದಿಣ್ಣೆ ಇಳಿದರು. ಎರಡನೇ ಸಲ ನೀರು ಬಂತು, ಒಂದು ಖಾಲಿ ಕೊಟ್ಟಿಗೆ ಹೋಯಿತು. ಮನುಷ್ಯರೆಲ್ಲ ಉಳಿದರು. ಆದರೂ ಊರಿನವರು ಕೋಡಿ ಒಡೆದು ಒಂದು ಮೊಳ ನೀರು ದಂಡವಾಯಿತೆಂದು ನೀರಗಂಟಿಗಳಿಗೇ ಹಿಡಿಶಾಪ ಹಾಕಿದರು.

ಅಕ್ಕಯ್ಯಮ್ಮ ಪ್ರತಿ ವರ್ಷ ಮಳೆಗೆ ಮುಂಚೆ ಬಂದು ಪಿಳ್ಳಪ್ಪನ ಎದುರು ಕೂರುತ್ತಿದ್ದಳು. "ಈ ವರ್ಷ ಏನು ನೋಡಿದೆ?" ಅನ್ನುತ್ತಿದ್ದಳು. ಅವನು ಒಂದನ್ನೂ ಬಿಡದೆ ಹೇಳುತ್ತಿದ್ದ. ಕೆಲಸದ ಮಾತು ಮುಗಿದ ಮೇಲೆ ಒಂದೇ ಒಂದು ಮಾತೂ ಆಡದೆ ಅವಳು ಇಳಿದು ಹೋಗುತ್ತಿದ್ದಳು. ಅವನೂ ಕರೆಯುತ್ತಿರಲಿಲ್ಲ. ಸಾಯುವ ತನಕ ಹಾಗೇ ನಡೆಯಿತು.

ನೀತಿ: ಒಬ್ಬರ ಕೆಲಸ ಇನ್ನೊಬ್ಬರ ತಲೆಯ ಮೇಲೆ ಬಂದು ಬೀಳುವ ಕಡೆ, ತನ್ನ ಪಾಲಿನದನ್ನು ಮಾತ್ರ ಸರಿಯಾಗಿ ಮಾಡಿದರೆ ಸಾಲದು. ಎಲ್ಲರೂ ಕೂತು, ಗೊತ್ತಿದ್ದನ್ನೂ ತಪ್ಪಿದ್ದನ್ನೂ ಬಚ್ಚಿಡದೆ ಹೇಳಿಕೊಂಡು, ಎಲ್ಲರಿಗೂ ಒಂದು ಕಟ್ಟಳೆ ಮಾಡಿಕೊಳ್ಳಬೇಕು. ಮಾಡಿದ್ದನ್ನು ಆಗಾಗ ತಿದ್ದಬೇಕು. ಇದನ್ನು ಹೆಣ ಎತ್ತುವ ಮೊದಲೇ ಮಾಡಿ, ಮಕ್ಕಳೇ. ಆಮೇಲೆ ಮಾಡಿದರೆ ಮುಂದಿನವರು ಉಳಿಯುತ್ತಾರೆ, ಹೋದವರು ಬರುವುದಿಲ್ಲ.