ತೊಳೆದ ಕಂಬಳಿ

ಕಾಲು ಒಳಗೆ ಎಳ್ಕೋ ಪುಟ್ಟೀ, ಕಾಲು ಹೊರಗೆ ಚಾಚ್ಕೊಂಡೋರಿಗೆ ನಾನು ಕತೆ ಹೇಳಲ್ಲ. ಹಾಂ, ಹಾಗೆ. ಒಂದಾನೊಂದು ಕಾಲದಲ್ಲಿ, ನಾನೂ ಹುಟ್ಟಿರಲಿಲ್ಲ, ನಮ್ಮಜ್ಜಿನೂ ಹುಟ್ಟಿರಲಿಲ್ಲ, ಆವಾಗ ಒಂದು ಎತ್ತರದ ಗುಡ್ಡ ಇತ್ತಂತೆ. ಎಷ್ಟು ಎತ್ತರ ಅಂದ್ರೆ ಬೆಳಗ್ಗೆ ಬಾಗಿಲು ತೆಗೆದ್ರೆ ಮೋಡ ಒಳಗೆ ಬಂದು ಒಲೆ ಮುಂದೆ ಕೂತ್ಕೊಳ್ಳೋದಂತೆ. ಅಲ್ಲಿ ಇದ್ದಿದ್ದು ಒಂದೇ ಮನೆ, ಪಕ್ಕದಲ್ಲಿ ಮುಳ್ಳುಬೇಲಿ ಕಟ್ಟಿದ ಕುರಿರೊಪ್ಪ. ಮನೇಲಿ ಜುಂಜಣ್ಣ ಅಂತ ಕುರಿ ಕಾಯೋನು, ಅವನ ಮಗಳು ಕೆಂಚಿ. ನಿನ್ನಷ್ಟೇ ಉದ್ದ, ನಿನ್ನಷ್ಟೇ ಹಟ.

ಕೆಂಚಿಯ ಅವ್ವ ತೀರ್ಕೊಂಡಿದ್ಲಂತೆ. ಅವಳು ಹೊದೀತಿದ್ದ ಕರಿ ಕಂಬಳಿ ಮಾತ್ರ ಉಳ್ಕೊಂಡಿತ್ತು. ಉಣ್ಣೋವಾಗ್ಲೂ ಕೆಂಚಿಗೆ ಅದು ಬೇಕು, ಮಲಗೋವಾಗ್ಲೂ ಬೇಕು. ಮೂಗಿಗೆ ಒತ್ಕೊಂಡು, ಇದು ನಮ್ಮವ್ವನ ವಾಸನೆ ಅನ್ನೋಳಂತೆ.

ಆಮೇಲೆ ಜುಂಜಣ್ಣ ಕೆಳಗಿನ ಊರಿಂದ ಹಾಲಮ್ಮ ಅನ್ನೋಳನ್ನ ಮದುವೆ ಮಾಡ್ಕೊಂಡು ಬಂದ. ಕಬ್ಬಿನ ಗದ್ದೆ, ಆಲೆಮನೆ ನೋಡಿ ಬೆಳೆದೋಳು, ಕುರಿ ಬದುಕು ಏನೂ ಗೊತ್ತಿಲ್ಲ, ಆದ್ರೆ ಒಳ್ಳೇ ಹೆಂಗಸು. ಮಗೂನ ಒಲಿಸ್ಕೋಬೇಕು ಅಂತ ತವರಿನ ಬೆಲ್ಲ ಸವರಿ ರೊಟ್ಟಿ ಕೊಟ್ಲು. ಕೆಂಚಿ ತಿಂದ್ಲು, ಮಾತಾಡ್ಲಿಲ್ಲ. ಆಮೇಲೆ ತಲೆ ಬಾಚಿ ಹೂ ಮುಡಿಸಿದ್ಲು. ಕೆಂಚಿ ಮುಡ್ಕೊಂಡ್ಲು, ಮಾತಾಡ್ಲಿಲ್ಲ. ಆಮೇಲೆ ಒಂದಿನ, ಮುಳ್ಳಿಗೆ ಸಿಕ್ಕಿ ಹರಿಯುತ್ತೆ ಅಂತ ಕಂಬಳಿ ಮನೇಲೇ ಬಿಟ್ಟು ಕೆಂಚಿ ಅಪ್ಪನ ಹಿಂದೆ ಕುರಿ ಮೇಯಿಸೋಕೆ ಹೋಗಿದ್ಲಾ, ಅಯ್ಯೋ ಮಗು ಹೊದೆಯೋದು ಇಷ್ಟು ಕೊಳಕಾಗಿದೆಯಲ್ಲ ಅಂತ ಹಾಲಮ್ಮ ಅದನ್ನ ಹಳ್ಳಕ್ಕೆ ಒಯ್ದು, ಚೌಳು ಮಣ್ಣು ಹಾಕಿ ತಿಕ್ಕಿ, ಮೂರು ನೀರಲ್ಲಿ ಜಾಲಾಡಿಸಿ, ಕಾದ ಬಂಡೆ ಮೇಲೆ ಒಣಗಿಸಿ, ಮಡಿಸಿ ಇಟ್ಲಂತೆ.

ಕೆಂಚಿ ಬಂದು ಮೂಗಿಗೆ ಒತ್ಕೊಂಡ್ಲು. ಮತ್ತೆ ಒತ್ಕೊಂಡ್ಲು. ಆಮೇಲೆ ಅತ್ಲು ನೋಡು, ರೊಪ್ಪದಲ್ಲಿದ್ದ ಕುರಿಗಳೆಲ್ಲ ಮೆಲುಕು ಹಾಕೋದು ಬಿಟ್ಟು ತಿರುಗಿ ನೋಡಿದ್ವಂತೆ. ನೀನು ನಮ್ಮವ್ವನ್ನ ಹಳ್ಳದಲ್ಲಿ ಬಿಟ್ಟು ಬಂದೆ, ನಮ್ಮವ್ವನ್ನ ಹಳ್ಳದಲ್ಲಿ ಬಿಟ್ಟು ಬಂದೆ ಅಂತ ಒಂದೇ ಸಮ. ಹಾಲಮ್ಮಂಗೆ ಏನೂ ತಿಳೀಲಿಲ್ಲ. ಆಗ ಜುಂಜಣ್ಣ ಹೇಳಿದ, ಇಲ್ಲಿ ಎಲ್ಲಾ ಮೂಗಲ್ಲೇ ಕಣೇ ಗುರುತು ಹಿಡಿಯೋದು, ಕುರಿ ತನ್ನ ಮರೀನ ಹಾಗೇ ಹಿಡಿಯೋದು, ಈ ಮಗೂನೂ ಅಷ್ಟೇ ಅಂತ. ಬೈದಿದ್ರೂ ಹಾಲಮ್ಮಂಗೆ ಅಷ್ಟು ನೋವಾಗ್ತಿರಲಿಲ್ಲ. ಒಲೆ ಮುಂದೆ ಕೂತು ಸೆರಗಲ್ಲಿ ಕಣ್ಣೊರೆಸ್ಕೊಂಡ್ಲಂತೆ ಪಾಪ.

ನೀನ್ಯಾಕೆ ಮೂಗು ಸೊರಸೊರ ಅನ್ನಿಸ್ತೀಯ? ಕತೆ ಇನ್ನೂ ಇದೆ, ಕೇಳು.

ಅವತ್ತಿಂದ ಕೆಂಚಿ ಆ ಕಂಬಳೀನ ಹೊದೀಲೇ ಇಲ್ಲ, ಮಡಿಸಿದ ಹಾಗೇ ಮೂಲೇಲಿ ಇತ್ತು. ಆಮೇಲೆ ಕುರಿ ಮರಿ ಹಾಕೋ ಕಾಲ ಬಂತಂತೆ. ಒಂದು ಕುರಿ ಮರಿ ಹಾಕಿ ಸತ್ತುಹೋಯ್ತು, ಮರಿ ತಬ್ಬಲಿ ಆಯ್ತು. ಇನ್ನೊಂದು ಮೋಟುಗಿವಿ ಕುರಿಗೆ ಮರಿ ಸತ್ತೇ ಹುಟ್ತು. ಕೆಚ್ಚಲು ತುಂಬ ಹಾಲು, ಕುಡಿಯೋಕೆ ಮರಿ ಇಲ್ಲ. ಸರಿ, ತಬ್ಬಲೀನ ಅದರ ಹತ್ರ ಬಿಟ್ರು. ಮೂಸಿ ನೋಡಿ, ತಲೇಲಿ ಗುದ್ದಿ ಓಡಿಸ್ತು. ಆಮೇಲೆ ಕುರೀನ ಕಟ್ಟಿಹಾಕಿ ಕುಡಿಸೋಕೆ ಹೋದ್ರು, ಒದ್ದು ಬೀಳಿಸ್ತು. ಮರಿ ಕೂಗು ಸಣ್ಣಗಾಗ್ತಾ ಬಂತು. ಹಾಲಮ್ಮ ಅದನ್ನ ಮಡಿಲಲ್ಲಿ ಇಟ್ಕೊಂಡು, ಬೇರೆ ದಾರಿ ಇಲ್ವಾ ಅಂದ್ಲು. ಇದೆ ಅಂದ ಜುಂಜಣ್ಣ. ಸತ್ತ ಮರೀನ ಒಂದು ಕಂಬಳೀಲಿ ಸುತ್ತಿಡಬೇಕು, ಅದರ ವಾಸನೆ ಹಿಡಿದ ಮೇಲೆ ಆ ಕಂಬಳೀನ ಈ ಮರಿಗೆ ಹೊದಿಸಬೇಕು, ಆಗ ಕುರಿ ತನ್ನದೇ ಮರಿ ಅಂದ್ಕೊಳ್ಳುತ್ತೆ. ಆದ್ರೆ ನಮ್ಮನೆ ಕಂಬಳಿ ಎಲ್ಲಾ ಹೊಗೆ ವಾಸನೆ, ಬೆವರು ವಾಸನೆ, ನಾಯಿ ವಾಸನೆ. ಯಾವ ವಾಸನೆನೂ ಇಲ್ಲದ್ದು ಬೇಕು.

ಯಾವ ವಾಸನೆನೂ ಇಲ್ಲದ ಕಂಬಳಿ ಆ ಗುಡ್ಡದಲ್ಲಿ ಒಂದೇ ಇತ್ತು. ಗೊತ್ತಾಯ್ತಾ? ಹೂಂ. ಕೇಳೋ ಧೈರ್ಯ ಮಾತ್ರ ಯಾರಿಗೂ ಇಲ್ಲ, ಹಾಲಮ್ಮ ಅಂತೂ ತಲೇನೇ ಎತ್ತಲಿಲ್ಲ. ಕೆಂಚಿ ಮೂಲೇಲಿ ಕೂತು ಎಲ್ಲಾ ಕೇಳಿಸ್ಕೊಂಡಿದ್ಲು. ಏನಾದ್ರೂ ಒಂಚೂರು ಉಳಿದಿದೆಯೇನೋ ಅಂತ ಕಂಬಳೀನ ಇನ್ನೊಂದ್ಸಲ ಮೂಗಿಗೆ ಒತ್ಕೊಂಡ್ಲು. ಇರಲಿಲ್ಲ. ಮರಿ ಇನ್ನೊಂದ್ಸಲ ಕೂಗ್ತು. ಆಮೇಲೆ ಎದ್ದು ಬಂದು ಕಂಬಳೀನ ಹಾಲಮ್ಮನ ಮಡಿಲಿಗೆ ಹಾಕಿದ್ಲಂತೆ.

ಜುಂಜಣ್ಣ ಹೇಳಿದ ಹಾಗೇ ಮಾಡಿದ್ರು. ಕಂಬಳಿ ತುಂಡಲ್ಲ ನೋಡು, ದೊಡ್ಡದು, ಮರಿ ಅದನ್ನ ಎಳ್ಕೊಂಡು ಎಳ್ಕೊಂಡು ತೂರಾಡ್ತಾ ಕುರಿ ಹತ್ರ ಹೋಯ್ತು. ಕುರಿ ಮೂಸ್ತು. ಇನ್ನೊಂದ್ಸಲ ಮೂಸಿ, ಮೆಲ್ಲಗೆ ದನಿ ತೆಗೆದು, ಮರಿ ಮುಖ ನೆಕ್ಕೋಕೆ ಶುರು ಮಾಡ್ತು. ಮರಿ ಕೆಚ್ಚಲಿಗೆ ಬಾಯಿ ಹಾಕಿ ಬಾಲ ಪಟಪಟ ಆಡಿಸ್ಕೊಂಡು ಕುಡೀತು. ಹಾಲಮ್ಮ ಖುಷಿಗೆ ಗೊಳೋ ಅಂತ ಅತ್ತುಬಿಟ್ಲು. ಕೆಂಚಿ ಅವಳನ್ನೇ ನೋಡ್ತಿದ್ಲಂತೆ.

ಸ್ವಲ್ಪ ದಿನಕ್ಕೆ ಕುರಿಗೂ ಮರಿಗೂ ಚೆನ್ನಾಗಿ ಹೊಂದಿಕೆಯಾಗಿ ಕಂಬಳಿ ಬೇಡ ಆಯ್ತು. ಆಗ ಕೆಂಚಿ ತಾನೇ ಅದನ್ನ ಹಳ್ಳಕ್ಕೆ ಒಯ್ದು, ಚೌಳು ಮಣ್ಣು ಹಾಕಿ ತಿಕ್ಕಿ, ಮೂರು ನೀರಲ್ಲಿ ಜಾಲಾಡಿಸಿ, ಒಣಗಿಸಿ, ತಂದು ಹಾಲಮ್ಮನ ಕೈಗೆ ಕೊಟ್ಟು, ಹೊದ್ಕೋ ಅಂದ್ಲಂತೆ. ನಂಗ್ಯಾಕೆ ಕೂಸೇ, ಇದು ನಿಂದಲ್ವಾ ಅಂದ್ರೆ, ಮೊದ್ಲು ನೀನು ಹೊದ್ಕೊಂಡು ಮಲಗು, ನಿನ್ನ ವಾಸನೆ ಹಿಡೀಲಿ, ಆಮೇಲೆ ನಂಗೆ ಹೊದಿಸು ಅಂದ್ಲಂತೆ.

ಹಾಲಮ್ಮ ಕಂಬಳಿ ಬಿಡಿಸಿದ್ಲು. ಅಲ್ಲೀವರೆಗೂ ಕಾಯೋದ್ಯಾಕೆ ಅಂತ ಮಗಳನ್ನ ಎಳ್ಕೊಂಡು ಇಬ್ರಿಗೂ ಒಟ್ಟಿಗೇ ಕಂಬಳಿ ಸುತ್ಕೊಂಡ್ಲು. ಕೆಂಚಿ ಅವಳ ಕತ್ತಿಗೆ ಮೂಗು ಒತ್ತಿ, ಅವ್ವಾ, ನಿನ್ನ ಹತ್ರ ಬೆಲ್ಲದ ವಾಸನೆ ಬರುತ್ತೆ ಅಂದ್ಲಂತೆ.

ಕುರಿ ರೊಪ್ಪ ಸೇರ್ತು, ಮರಿ ತಾಯಿನ ಸೇರ್ತು, ನಮ್ಮ ಕತೆ ಮುಗೀತು. ಏನೇ ಅದು, ನನ್ನ ಮೂಸ್ತಿದೀಯಾ? ಎಲೆಅಡಿಕೆ ವಾಸನೆ ತಾನೇ? ಸರಿ, ಅದನ್ನೇ ಮೂಸ್ಕೊಂಡು ಮಲ್ಕೋ.